ಎರಡು ದುರ್ಬೀನು, ಎರಡು ಕಣ್ಣು, ಒಂದೇ ಚಂದ್ರ

ಎರಡು ಸ್ಪಾಟಿಂಗ್ ಸ್ಕೋಪ್‌ಗಳನ್ನು ಅಂದರೆ ಒಂಟಿಕಣ್ಣಿನ ದುರ್ಬೀನುಗಳನ್ನು, ಜೋಡಿಸಿ ಬೈನಾಕ್ಯುಲರ್ ಮಾಡಲೆಂದು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆ. ನಡುವೆ ಹಿಡಿಕೆಗೆ ಬೇಕಾದಷ್ಟು ಜಾಗ ಬಿಟ್ಟು ಸ್ಕೇಲು ಹಿಡಿದೆ. ಒಂದು ಐಪೀಸಿನ (ಕಣ್ಣಿಡುವ ಕಡೆಯ ಗಾಜಿನ) ನಡುವಿನಿಂದ ಇನ್ನೊಂದರ ನಡುವಿಗೆ 104 ಮಿ.ಮೀ. ಆಮೇಲೆ ಕನ್ನಡಿ ಮುಂದೆ ನಿಂತು, ಅದೇ ಸ್ಕೇಲನ್ನು ಹುಬ್ಬಿನ ಕೆಳಗೆ ಇಟ್ಟುಕೊಂಡು, ಒಂದೊಂದೇ ಕಣ್ಣು ಮುಚ್ಚಿ ಪಾಪೆಗಳ ನಡುವಿನ ಅಂತರ ಅಳೆದೆ. 64. ಎಮ್ಮೆಗಾದರೆ ಈ ಬೈನಾಕ್ಯುಲರ್ ಸರಿಹೋಗುತ್ತಿತ್ತೇನೋ. ನನಗಲ್ಲ.

ಇಷ್ಟು ಸಣ್ಣ ಲೆಕ್ಕವನ್ನು ಎರಡನೇ ಸ್ಕೋಪ್ ಕೊಳ್ಳುವ ಮೊದಲೇ ಮಾಡಬೇಕಿತ್ತು ಅಲ್ವಾ? ಮಾಡಿರಲಿಲ್ಲ. ನನ್ನ ಹತ್ತಿರ 80 ಮಿ.ಮೀ. ಮುಂಗಾಜಿನ ಒಂದು ಸ್ಕೋಪ್ ಮೊದಲಿಂದಲೂ ಇತ್ತು. ನೇರವಾಗಿ ನೋಡುವ ಬಗೆಯದು, 20ರಿಂದ 60 ಪಟ್ಟು ಹಿಗ್ಗಿಸುವ ಜೂಮ್ ಐಪೀಸು. ಹಕ್ಕಿ ನೋಡಲು ತಂದದ್ದು, ರಾತ್ರಿ ಚಂದ್ರನ ಕಡೆ ತಿರುಗಿತ್ತು. ಒಂದು ಕಣ್ಣು ಮುಚ್ಚಿಕೊಂಡು ಅರ್ಧ ಗಂಟೆ ನೋಡಿದರೆ ಮುಚ್ಚಿದ ಕಣ್ಣೇ ಮೊದಲು ಸುಸ್ತಾಗುತ್ತದೆ. ತೆರೆದ ಕಣ್ಣಿನಲ್ಲಿ ಸಣ್ಣ ಸಣ್ಣ ನೂಲಿನಂಥವು ತೇಲುತ್ತಿರುತ್ತವೆ. ಒಮ್ಮೆ ಪರಿಚಯದವರೊಬ್ಬರ ದೊಡ್ಡ ಬೈನಾಕ್ಯುಲರಿನಲ್ಲಿ ಕಣ್ಣಿಟ್ಟು ನೋಡಿದ ಮೇಲೆ ಒಂಟಿಕಣ್ಣಿನ ನೋಟ ರುಚಿಸದೇ ಹೋಯಿತು. ಅಂಥದ್ದನ್ನು ಕೊಳ್ಳುವುದು ನನ್ನ ಕೈಗೆಟುಕುವ ಮಾತಲ್ಲ. ಆದರೆ ನನ್ನದೇ ಮಾದರಿಯ ಇನ್ನೊಂದು ಹಳೆಯ ಸ್ಕೋಪ್ ಸಿಕ್ಕಿತು. ಎರಡನ್ನೂ ಒಂದು ಹಲಗೆಗೆ ಬಿಗಿದರೆ ಮುಗಿಯಿತು ಅಂದುಕೊಂಡೆ.

ಈ ಆಸೆ ಹೊಸದೇನೂ ಅಲ್ಲ. 1608ರಲ್ಲಿ ಹಾನ್ಸ್ ಲಿಪರ್‌ಹೇ ತನ್ನ ದುರ್ಬೀನಿಗೆ ಪೇಟೆಂಟ್ ಕೊಡಿ ಎಂದು ನೆದರ್ಲೆಂಡ್ಸಿನ ಆಡಳಿತದ ಮುಂದೆ ನಿಂತಾಗ, ಅವರು ಎರಡೂ ಕಣ್ಣಿಂದ ನೋಡುವಂಥದ್ದನ್ನು ಮಾಡಿಕೊಡಲು ಹೇಳಿದ್ದರು. ದುರ್ಬೀನು ಹುಟ್ಟಿದ ವರ್ಷವೇ ಜೋಡಿ ದುರ್ಬೀನಿನ ಬೇಡಿಕೆಯೂ ಹುಟ್ಟಿತು. ದೊಡ್ಡ ಬೈನಾಕ್ಯುಲರ್ ಆಟದ ಸಾಮಾನೂ ಅಲ್ಲ. 1996ರ ಜನವರಿಯಲ್ಲಿ ಜಪಾನಿನ ಯೂಜಿ ಹ್ಯಾಕುಟಾಕೆ ತಮ್ಮ ಹೆಸರಿನ ಧೂಮಕೇತುವನ್ನು ಕಂಡದ್ದು 150 ಮಿ.ಮೀ. ಗಾಜಿನ, 25 ಪಟ್ಟು ಹಿಗ್ಗಿಸುವ ಬೈನಾಕ್ಯುಲರಿನಲ್ಲಿ. ಎರಡು 80 ಮಿ.ಮೀ. ಗಾಜು ಸೇರಿದರೆ ಬೆಳಕು ಹಿಡಿಯುವ ಜಾಗ 113 ಮಿ.ಮೀ.ನ ಒಂದೇ ಗಾಜಿಗೆ ಸಮ. ಎರಡೂ ಕಣ್ಣಿನ ಸುದ್ದಿಯನ್ನು ಮಿದುಳು ಕೂಡಿಸಿಕೊಳ್ಳುವುದರಿಂದ ಮಬ್ಬು ವಸ್ತುಗಳು ಸುಮಾರು 1.4 ಪಟ್ಟು ಸುಲಭವಾಗಿ ಕಾಣುತ್ತವೆ. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಸ್ಕೇಲು ಹಿಡಿಯುವುದೊಂದು ಗೊತ್ತಾಗಲಿಲ್ಲ.

104ನ್ನು 64 ಮಾಡುವುದು ಹೇಗೆ? ಎರಡು ದಿನ ಸ್ಕೋಪ್‌ಗಳನ್ನು ನೋಡುತ್ತಾ ಕೂತೆ. ಕನ್ನಡಿಗಳನ್ನು ಹಾಕಿ ಬೆಳಕನ್ನು ಒಳಕ್ಕೆ ತಿರುಗಿಸುವ ಚಿತ್ರ ಬರೆದು ಹರಿದೂ ಹಾಕಿದೆ. ಮೂರನೇ ದಿನ ಸುಮ್ನೆ ಒಂದು ಸ್ಕೋಪನ್ನು ಅದರ ಕಾಲರಿನಲ್ಲಿ (ಕೊಳವೆಯನ್ನು ಹಿಡಿದಿಡುವ ರಿಂಗಿನಲ್ಲಿ) ತಿರುಗಿಸುತ್ತಿದ್ದಾಗ ಐಪೀಸು ಒಂದು ಸಣ್ಣ ವೃತ್ತದಲ್ಲಿ ಸುತ್ತಿದ್ದು ಕಂಡಿತು.

ವಿಷಯ ಇಷ್ಟೇ. ಈ ಬಗೆಯ ಸ್ಕೋಪಿನೊಳಗೆ ಪೋರೋ ಪ್ರಿಸಂ, ಅಂದರೆ ಬೆಳಕನ್ನು ತಿರುಗಿಸುವ ಗಾಜಿನ ತುಂಡುಗಳ ಜೋಡಿ, ಇರುತ್ತದೆ. ಇಟಲಿಯ ಇಗ್ನಾಜಿಯೋ ಪೋರೋ 1854ರಲ್ಲಿ ಪೇಟೆಂಟ್ ಪಡೆದ ಏರ್ಪಾಡು. ಮುಂಗಾಜು ತಲೆಕೆಳಗು ಮಾಡಿದ ಚಿತ್ರವನ್ನು ಎರಡು ಪ್ರಿಸಂಗಳು ಮತ್ತೆ ನೆಟ್ಟಗೆ ಮಾಡುತ್ತವೆ. ಹಾಗೆ ಮಾಡುವಾಗ ಬೆಳಕಿನ ದಾರಿ ಪಕ್ಕಕ್ಕೆ ಸರಿಯುತ್ತದೆ. ಹಾಗಾಗಿ ಐಪೀಸು ಕೊಳವೆಯ ನಡುವಿನಲ್ಲಿ ಇರುವುದಿಲ್ಲ. ನನ್ನ ಸ್ಕೋಪಿನಲ್ಲಿ ಅದು 22 ಮಿ.ಮೀ. ಆಚೆಗಿದೆ. ಮಾಮೂಲಿಯಾಗಿ ಇಟ್ಟಾಗ ಆ 22 ಮಿ.ಮೀ. ಮೇಲಕ್ಕೆ ಹೋಗುತ್ತದೆ, ಯಾರೂ ಗಮನಿಸುವುದಿಲ್ಲ. ಎರಡನ್ನೂ ಒಳಮುಖವಾಗಿ ಮಲಗಿಸಿದರೆ 104ರಲ್ಲಿ 44 ಕಳೆದು 60 ಆಗುತ್ತದೆ. ನನಗೆ ಬೇಕಾದ 64ಕ್ಕೆ ಪೂರ್ತಿ ಮಲಗಿದ ಜಾಗದಿಂದ ಸುಮಾರು 25 ಡಿಗ್ರಿ ಮೇಲೆತ್ತಿದರೆ ಸಾಕು.

ತಿರುಗಿಸಿದರೆ ಚಿತ್ರವೂ ವಾಲುವುದಿಲ್ಲವೇ ಎಂದು ಹೆದರಿದ್ದೆ. ವಾಲಲಿಲ್ಲ. ಸ್ಕೋಪನ್ನು ಅಡ್ಡ ಮಲಗಿಸಿದೆ, ತಲೆಕೆಳಗು ಮಾಡಿದೆ, ದೂರದ ಕಂಬ ನೆಟ್ಟಗೇ ನಿಂತಿತ್ತು. ಮುಂಗಾಜು ಚಿತ್ರವನ್ನು ಅರ್ಧ ಸುತ್ತು ತಿರುಗಿಸುತ್ತದೆ, ಪ್ರಿಸಂ ಇನ್ನರ್ಧ ಸುತ್ತು. ಒಟ್ಟು ಒಂದು ಪೂರ್ತಿ ಸುತ್ತು. ಕೊಳವೆ ಹೇಗೆ ಹೊರಳಿದರೂ ಆ ಲೆಕ್ಕ ಬದಲಾಗುವುದಿಲ್ಲ. 45 ಡಿಗ್ರಿ ಬಾಗಿದ ಐಪೀಸಿನ ಸ್ಕೋಪ್ ಆಗಿದ್ದರೆ ಈ ಆಟ ನಡೆಯುತ್ತಿರಲಿಲ್ಲ, ಒಂದು ಐಪೀಸು ಎಡಕ್ಕೆ ಒಂದು ಬಲಕ್ಕೆ ವಾಲಿ ನಿಲ್ಲುತ್ತಿತ್ತು. ಬಾಗಿದ್ದನ್ನು ಕೊಳ್ಳಲಿಲ್ಲವಲ್ಲ ಎಂದು ಹಿಂದೆ ಎಷ್ಟೋ ಸಲ ಕೊರಗಿದ್ದೆ. ಅವತ್ತಿಗೆ ಅದು ಮುಗಿಯಿತು.

ಮೊದಲ ಹಲಗೆ 18 ಮಿ.ಮೀ. ಪ್ಲೈವುಡ್ಡಿನದು. ಎರಡು ಸ್ಕೋಪಿನ ಕಾಲರಿನ ಕಾಲುಗಳನ್ನು ಬೋಲ್ಟಿನಿಂದ ಬಿಗಿದೆ. ಮುಂದೆ ಕೊಳವೆ ಕೂರಲು ಅರ್ಧಚಂದ್ರದ ಹಾಗೆ ಕೊರೆದ ಎರಡು ಮರದ ತುಂಡು, ಒಳಗೆ ಮೆತ್ತನೆಯ ಬಟ್ಟೆ. ಒಂದೇ ಸಂಜೆಯ ಕೆಲಸ. ಎರಡೂ ಕಣ್ಣಿಟ್ಟು ನೋಡಿದೆ. ಎಡಗಣ್ಣಿನಲ್ಲಿ ಒಂದು ಮರ, ಬಲಗಣ್ಣಿನಲ್ಲಿ ಬೇರೊಂದು ಮರ.

ಅಲ್ಲಿಂದ ನಿಜವಾದ ಕೆಲಸ ಶುರುವಾಯಿತು. ಎರಡು ಕೊಳವೆಗಳು ಒಂದೇ ಕಡೆ ನೋಡಬೇಕು. ಎಷ್ಟರಮಟ್ಟಿಗೆ ಒಂದೇ ಕಡೆ? ಹಲಗೆಗೆ ಕೈ ಹಾಕುವ ಮೊದಲು ಈ ಲೆಕ್ಕವನ್ನಾದರೂ ಕಾಗದದ ಮೇಲೆ ಮಾಡಿದ್ದರೆ ನಾನು ಪ್ಲೈವುಡ್ಡನ್ನು ಮುಟ್ಟುತ್ತಿರಲಿಲ್ಲ. ಎರಡು ಚಿತ್ರಗಳ ನಡುವಿನ ತಪ್ಪು ಕಣ್ಣಿಗೆ ಕಾಣುವಂತೆ 15 ಆರ್ಕ್ ಮಿನಿಟ್ (ಒಂದು ಡಿಗ್ರಿಯ 60ನೇ ಒಂದು ಭಾಗ ಒಂದು ಆರ್ಕ್ ಮಿನಿಟ್) ಒಳಗಿರಬೇಕು ಎಂದು ಗುರಿ ಇಟ್ಟುಕೊಂಡೆ. ಅಂದರೆ ಬರಿಗಣ್ಣಿಗೆ ಕಾಣುವ ಚಂದ್ರನ ಅರ್ಧ ಅಗಲ. ಆದರೆ ಸ್ಕೋಪು ಎಲ್ಲವನ್ನೂ 20 ಪಟ್ಟು ಹಿಗ್ಗಿಸುತ್ತದೆ, ತಪ್ಪನ್ನೂ ಸೇರಿಸಿ. ಹಾಗಾಗಿ ಕೊಳವೆಗಳ ನಡುವಿನ ನಿಜವಾದ ತಪ್ಪು ಅದರ 20ನೇ ಒಂದು ಭಾಗ, ಮುಕ್ಕಾಲು ಆರ್ಕ್ ಮಿನಿಟ್ ದಾಟಬಾರದು. 250 ಮಿ.ಮೀ. ಉದ್ದದ ಪಟ್ಟಿಯ ತುದಿಯಲ್ಲಿ ಅದು ಸುಮಾರು 0.055 ಮಿ.ಮೀ. ಕೂದಲಿನಷ್ಟು ದಪ್ಪ ಅನ್ನಿ. ಬೋಲ್ಟು ಬಿಗಿದಾಗ ಪ್ಲೈವುಡ್ ಅದಕ್ಕಿಂತ ಜಾಸ್ತಿ ಅಮುಕಿಕೊಳ್ಳುತ್ತದೆ. ರಾತ್ರಿ ಸರಿ ಮಾಡಿಟ್ಟರೆ ಬೆಳಿಗ್ಗೆ ತಪ್ಪಿರುತ್ತಿತ್ತು. ಒಂದು ತಿಂಗಳಲ್ಲಿ ಹಲಗೆಯೇ ಸಣ್ಣಗೆ ಸೊಟ್ಟಗಾಯಿತು. ಎತ್ತಿ ಮೂಲೆಗಿಟ್ಟೆ.

ಎರಡನೆಯದು 8 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪ್ಲೇಟು. ಈ ಸಲ ಎಡ ಸ್ಕೋಪನ್ನು ಪ್ಲೇಟಿಗೆ ಅಲ್ಲಾಡದಂತೆ ಬಿಗಿದುಬಿಟ್ಟೆ. ಅದನ್ನು ಮುಟ್ಟುವಂತಿಲ್ಲ. ಬಲ ಸ್ಕೋಪು ಮಾತ್ರ ಒಂದು ಉದ್ದನೆಯ ಪಟ್ಟಿಯ ಮೇಲೆ ಕೂರುತ್ತದೆ. ಪಟ್ಟಿಯ ಮುಂತುದಿ ಒಂದು ಬೋಲ್ಟಿನ ಮೇಲೆ ತಿರುಗುತ್ತದೆ, ಹಿಂತುದಿಯಲ್ಲಿ ತಿರುಪುಗಳಿವೆ. ಎರಡು ತಿರುಪು ಪಕ್ಕದಿಂದ ಒತ್ತಿ ಎಡಬಲಕ್ಕೆ ಸರಿಸುತ್ತವೆ. ಇನ್ನೆರಡು ಮೇಲೆ ಕೆಳಗೆ. ಒಂದೇ ಸಲಕ್ಕೆ ಎರಡೂ ಕೊಳವೆಗಳನ್ನು ಸರಿಸಬಹುದಾದ ಏರ್ಪಾಡು ಮಾಡಿಕೊಂಡವರು ಕೊನೆಗೆ ಯಾವುದನ್ನು ಎಷ್ಟು ತಿರುಗಿಸಿದೆ ಎಂದು ಮರೆತು ಹುಚ್ಚರಾಗುತ್ತಾರೆ. ಒಂದು ಗೂಟ ನೆಟ್ಟಗಿರಲಿ, ಇನ್ನೊಂದು ಅದಕ್ಕೆ ಹೊಂದಿಕೊಳ್ಳಲಿ.

ಎಂ6 ತಿರುಪು, ಅಂದರೆ 6 ಮಿ.ಮೀ. ದಪ್ಪದ್ದು, ಒಂದು ಸುತ್ತಿಗೆ 1 ಮಿ.ಮೀ. ಮುಂದೆ ಹೋಗುತ್ತದೆ. ನನ್ನ 250 ಮಿ.ಮೀ. ಪಟ್ಟಿಯಲ್ಲಿ ಅದು ಸುಮಾರು 14 ಆರ್ಕ್ ಮಿನಿಟ್. ಐಪೀಸಿನಲ್ಲಿ ನಾಲ್ಕೂವರೆ ಡಿಗ್ರಿಗೂ ಜಾಸ್ತಿ. ಅಂದರೆ ಗುರಿಯೊಳಗೆ ಬರಲು ತಿರುಪನ್ನು ಒಂದು ಸುತ್ತಿನ 18ನೇ ಒಂದು ಭಾಗದಷ್ಟು ಖಚಿತವಾಗಿ ನಿಲ್ಲಿಸಬೇಕು. ಬೆರಳಿನಿಂದ ಆಗುವ ಕೆಲಸ ಅಲ್ಲ, ಆದರೆ ಉದ್ದ ಕೈಯ ಅಲೆನ್ ಕೀ (ತಿರುಪು ತಿರುಗಿಸುವ ಆರು ಮೂಲೆಯ ಕಡ್ಡಿ) ಇದ್ದರೆ ಆಗುತ್ತದೆ. ಕೀ ತುದಿಗೆ ಬಿಳಿ ಬಣ್ಣ ಹಚ್ಚಿಕೊಂಡು ಗಡಿಯಾರದ ಮುಳ್ಳಿನ ಹಾಗೆ ಓದತೊಡಗಿದೆ.

ಮೊದಲ ಸಲ ಸರಿ ಮಾಡಿದ್ದು ಹಗಲಿನಲ್ಲಿ. ನೂರು ಮೀಟರ್ ಆಚೆ ಒಂದು ಕಂಬ, ಅದರ ತುದಿಯಲ್ಲೊಂದು ಪಿಂಗಾಣಿ ಬುರುಡೆ. ಎಡಗಣ್ಣಿನಲ್ಲಿ ಬುರುಡೆಯನ್ನು ನಟ್ಟನಡುವೆ ತಂದು, ಬಲದ ತಿರುಪುಗಳನ್ನು ಒಂದು ಗಂಟೆ ತಿರುಗಿಸಿ, ಬಲಗಣ್ಣಿನಲ್ಲೂ ನಟ್ಟನಡುವೆ ತಂದೆ. ಎರಡೂ ಕಣ್ಣು ತೆರೆದೆ. ಆಹಾ! ಒಂದೇ ಕಂಬ. ಬುರುಡೆಯ ಮೇಲಿನ ಧೂಳು ಕೂಡ ಕಾಣುತ್ತಿತ್ತು. ಕಂಬ ಮುಂದೆ, ಎಲೆಗಳು ಹಿಂದೆ, ಒಂದೊಂದೂ ಬೇರೆ ಬೇರೆ ಪದರದಲ್ಲಿ ರಟ್ಟು ಕತ್ತರಿಸಿ ನಿಲ್ಲಿಸಿದ ಹಾಗೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆ ರಾತ್ರಿ ಚಂದ್ರನನ್ನು ಹತ್ತು ನಿಮಿಷ ನೋಡಿದೆ. ತಲೆನೋವು ಅಂದರೆ ಅದು. ಹುಬ್ಬಿನ ಹಿಂದೆ ಯಾರೋ ಹಗ್ಗ ಕಟ್ಟಿ ಎಳೆದಂತೆ. ಚಂದ್ರ ಒಂದೇ ಕಾಣುತ್ತಿತ್ತು, ಹಾಗಾಗಿ ತಪ್ಪು ಬೈನಾಕ್ಯುಲರಿನದು ಅನ್ನಿಸಲೇ ಇಲ್ಲ. ಮಾರನೇ ರಾತ್ರಿಯೂ ಅದೇ. ಮೂರನೇ ರಾತ್ರಿ ನಕ್ಷತ್ರ ನೋಡುವಾಗ ಕಣ್ಣು ಮಿಟುಕಿಸಿದೆ. ಕಣ್ಣು ತೆರೆದ ಕ್ಷಣ ನಕ್ಷತ್ರ ಎರಡಿತ್ತು. ಅರೆಕ್ಷಣದಲ್ಲಿ ಒಂದಕ್ಕೊಂದು ಜಾರಿ ಸೇರಿಕೊಂಡವು. ಮತ್ತೆ ಮಿಟುಕಿಸಿದೆ, ಮತ್ತೆ ಎರಡು, ಮತ್ತೆ ಒಂದು.

ಆಗ ಅರ್ಥವಾಯಿತು. ನನ್ನ ಮುಂಗಾಜುಗಳ ನಡುವೆ 104 ಮಿ.ಮೀ. ಅಂತರ ಇದೆ. ನೂರು ಮೀಟರ್ ದೂರದ ಕಂಬವನ್ನು ಎರಡರ ನಟ್ಟನಡುವೆ ತಂದರೆ ಕೊಳವೆಗಳು ಸಮಾನಾಂತರ ಆಗುವುದಿಲ್ಲ, ಸ್ವಲ್ಪ ಒಳಕ್ಕೆ ವಾಲಿ ಕಂಬದ ಹತ್ತಿರ ಕೂಡುತ್ತವೆ. ಎಷ್ಟು ಸ್ವಲ್ಪ? ಮೂರೂವರೆ ಆರ್ಕ್ ಮಿನಿಟ್. 20 ಪಟ್ಟು ಹಿಗ್ಗಿದಾಗ ಅದು 1.2 ಡಿಗ್ರಿ. ಆ ಸ್ಥಿತಿಯಲ್ಲಿ ಚಂದ್ರನನ್ನು ನೋಡಿದರೆ ನನ್ನ ಎಡಗಣ್ಣು ಎಡಕ್ಕೆ, ಬಲಗಣ್ಣು ಬಲಕ್ಕೆ ತಿರುಗಬೇಕು. ಮೂಗಿನ ಕಡೆಗೆ ಕಣ್ಣು ತಿರುಗಿಸುವುದು ನಮಗೆ ಚಿಕ್ಕಂದಿನಿಂದ ಬಂದ ಅಭ್ಯಾಸ, ಪುಸ್ತಕ ಓದುವಾಗ ದಿನವೂ ಮಾಡುತ್ತೇವೆ. ಎರಡನ್ನೂ ಒಟ್ಟಿಗೆ ಕಿವಿಯ ಕಡೆಗೆ ತಿರುಗಿಸುವುದು ಜೀವನದಲ್ಲಿ ಎಂದೂ ಬೇಕಾಗಿಲ್ಲ. ಒಂದು ಕಣ್ಣು ಮೇಲಕ್ಕೆ ಒಂದು ಕೆಳಕ್ಕೆ ಅಂತೂ ಬೇಡವೇ ಬೇಡ. ಆದರೂ ಮಿದುಳು ಹೇಗೋ ಎಳೆದಾಡಿ ಎರಡನ್ನು ಒಂದು ಮಾಡಿಕೊಡುತ್ತದೆ. ಅದರ ಬಾಕಿ ವಸೂಲಿ ಆಮೇಲೆ, ಹುಬ್ಬಿನ ಹಿಂದೆ.

ಹಾಗಾಗಿ ಕೊನೆಯ ಹೊಂದಾಣಿಕೆಯನ್ನು ನಕ್ಷತ್ರದ ಮೇಲೆಯೇ ಮಾಡಬೇಕು. ಒಂದು ಕಿಲೋಮೀಟರ್ ದೂರದ ಗುರಿ ಇಟ್ಟರೂ ನನ್ನ ಜೋಡಿಯಲ್ಲಿ ಕಣ್ಣಿಗೆ ಕಾಣುವಂತೆ ಏಳು ಆರ್ಕ್ ಮಿನಿಟ್ ತಪ್ಪು ಉಳಿಯುತ್ತದೆ, ನಾನಿಟ್ಟ 15ರ ಅರ್ಧ ಅಲ್ಲೇ ಖರ್ಚು. ಮಾಮೂಲಿ ನಕ್ಷತ್ರ ಜಾರುತ್ತಲೇ ಇರುತ್ತದೆ. ತಿರುಪಿಗೆ ಕೈ ಹಾಕುವಷ್ಟರಲ್ಲಿ ನಡುವಿನಿಂದ ದೂರ ಹೋಗಿರುತ್ತದೆ. ಧ್ರುವ ನಕ್ಷತ್ರ ಮಾತ್ರ ಇಟ್ಟಲ್ಲೇ ಇರುತ್ತದೆ. ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಗೂಟ ಇನ್ನೊಂದಿಲ್ಲ.

ಆದರೆ ಮಿದುಳಿಗೆ ಮೋಸ ಮಾಡುವುದು ಹೇಗೆ? ಎರಡೂ ಕಣ್ಣು ತೆರೆದರೆ ಅದು ಸೇರಿಸಿಬಿಡುತ್ತದೆ, ತಪ್ಪು ಎಷ್ಟಿದೆ ಎಂದು ಕಾಣಲು ಬಿಡುವುದಿಲ್ಲ. ನನಗೆ ಒಗ್ಗಿದ ಉಪಾಯ ಇದು. ಬಲ ಸ್ಕೋಪಿನ ಫೋಕಸನ್ನು ಪೂರ್ತಿ ಕೆಡಿಸಿದೆ. ನಕ್ಷತ್ರ ಅಲ್ಲಿ ಉಬ್ಬಿ ಮಂಕು ಬಿಲ್ಲೆಯಾಯಿತು. ಎಡದಲ್ಲಿ ಅದು ಚೂಪಾದ ಚುಕ್ಕೆ. ಬಿಲ್ಲೆಗೂ ಚುಕ್ಕೆಗೂ ಹೋಲಿಕೆ ಇಲ್ಲದ್ದರಿಂದ ಮಿದುಳು ಸೇರಿಸಲು ಹೋಗುವುದಿಲ್ಲ. ಚುಕ್ಕೆ ಬಿಲ್ಲೆಯ ಹೊರಗಿತ್ತು. ತಿರುಪು ತಿರುಗಿಸುತ್ತಾ ಹೋದಂತೆ ಅಂಚು ದಾಟಿ, ಒಳಗೆ ಬಂದು, ನಡುವಿನಲ್ಲಿ ಕೂತಿತು. ಹಣೆಗೆ ಬೊಟ್ಟು ಇಟ್ಟ ಹಾಗೆ. ಆಮೇಲೆ ಬಲಗಣ್ಣಿಗೆ ಒಂದು ಕಾರ್ಡು ಅಡ್ಡ ಹಿಡಿದು ಹತ್ತು ಎಣಿಸಿ ಸರಕ್ಕನೆ ತೆಗೆದೆ. ಚಿತ್ರ ಹಾರಲಿಲ್ಲ.

ಸಂತೋಷದಿಂದ ತಿರುಪು ಅಲ್ಲಾಡದಂತೆ ಹಿಡಿಯುವ ಲಾಕ್ ನಟ್ ಬಿಗಿದೆ. ಚುಕ್ಕೆ ಬಿಲ್ಲೆಯಿಂದ ಹೊರಗೆ ಹೋಗಿ ನಿಂತಿತು.

ಈ ನಟ್ಟಿನ ಜೊತೆ ನಾನು ಕಳೆದ ರಾತ್ರಿಗಳ ಬಗ್ಗೆ ಒಳ್ಳೆಯ ಮಾತು ಹೇಳಲಾರೆ. ನಟ್ಟು ಬಿಗಿದರೆ ತಿರುಪನ್ನು ಎಳೆಯುತ್ತದೆ, ತಿರುಪು ಪಟ್ಟಿಯನ್ನು ಎಳೆಯುತ್ತದೆ. ಎಷ್ಟು ಎಳೆಯುತ್ತದೆ ಎಂದು ಅಂದಾಜು ಮಾಡಿ ಮೊದಲೇ ಅಷ್ಟು ಆಚೆಗೆ ಇಡುವ ಜಾಣತನವನ್ನೂ ಮಾಡಿ ನೋಡಿದೆ. ಒಂದು ಸಲ ಸರಿಹೋದರೆ ನಾಲ್ಕು ಸಲ ಇಲ್ಲ. ಕೊನೆಗೆ ನಟ್ಟುಗಳನ್ನೇ ಕಿತ್ತು, ಪ್ರತಿ ಒತ್ತುವ ತಿರುಪಿನ ಎದುರಿಗೆ ಎಳೆಯುವ ಇನ್ನೊಂದು ತಿರುಪು ಕೂರಿಸಿದೆ. ಒಂದನ್ನು ಕೂದಲೆಳೆ ಸಡಿಲಿಸಿ ಇನ್ನೊಂದನ್ನು ಅಷ್ಟೇ ಬಿಗಿಯುವುದು. ಬಿಗಿತ ಮೊದಲಿಂದಲೇ ಇರುತ್ತದೆ, ಕೊನೆಯಲ್ಲಿ ಬಿಗಿಯಲು ಏನೂ ಉಳಿಯುವುದಿಲ್ಲ. ಇದನ್ನು ಮೊದಲೇ ಯಾರಾದರೂ ಕೂರಿಸಿ ಹೇಳಿದ್ದರೆ ಎರಡು ವಾರ ಉಳಿಯುತ್ತಿತ್ತು.

ಜೂಮ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಜೋಡಿಯಲ್ಲಿ ಜೂಮ್ ಬೇಡ. ಎರಡೂ ಐಪೀಸಿನ ಮೇಲೆ 30 ಎಂದು ಬರೆದ ಗೆರೆಗೆ ತಂದರೂ ಎರಡೂ ನಿಜವಾಗಿ 30 ಆಗಿರುವುದಿಲ್ಲ. ಒಂದು ಚಿತ್ರ ಇನ್ನೊಂದಕ್ಕಿಂತ ನೂರಕ್ಕೆ ಎರಡು ದೊಡ್ಡದಾದರೂ ನೋಡುವ ಕಣ್ಣಿಗೆ ಹಿಂಸೆ. ಅಲ್ಲದೆ ಜೂಮ್ ತಿರುಗಿಸಿದಾಗ ಒಳಗಿನ ಮಸೂರಗಳು ಸರಿಯುತ್ತಾ ಚಿತ್ರವನ್ನು ಪಕ್ಕಕ್ಕೂ ಸರಿಸುತ್ತವೆ. ನಾನು ಎರಡನ್ನೂ 20ರ ತುದಿಗೆ ಒತ್ತಿ ಟೇಪು ಸುತ್ತಿಬಿಟ್ಟೆ. ತುದಿ ಅಂದರೆ ತುದಿ, ಪ್ರತಿ ಸಲ ಅಲ್ಲೇ ನಿಲ್ಲುತ್ತದೆ. ಫೋನನ್ನು ಒಂದೊಂದೇ ಐಪೀಸಿಗೆ ಹಿಡಿದು ಒಂದೇ ಕಟ್ಟಡದ ಫೋಟೋ ತೆಗೆದು ಎರಡು ಕಿಟಕಿಗಳ ನಡುವಿನ ಅಂತರ ಹೋಲಿಸಿದೆ. ವ್ಯತ್ಯಾಸ ನೂರಕ್ಕೆ ಒಂದರ ಒಳಗೆ ಬಂತು. ಒಂದೇ ಮಾದರಿ ಕೊಂಡದ್ದು ಸಾರ್ಥಕ. 20 ಪಟ್ಟಿನಲ್ಲಿ ಐಪೀಸಿನಿಂದ ಹೊರಬರುವ ಬೆಳಕಿನ ಬಿಲ್ಲೆ 4 ಮಿ.ಮೀ. ರಾತ್ರಿ ನೋಟಕ್ಕೆ ಹೇಳಿ ಮಾಡಿಸಿದ್ದು. 60ರಲ್ಲಿ ಅದು 1.3 ಮಿ.ಮೀ.ಗೆ ಇಳಿಯುತ್ತದೆ, ಹೊಂದಾಣಿಕೆಯೂ ಮೂರು ಪಟ್ಟು ಕಟ್ಟುನಿಟ್ಟಾಗಬೇಕು. ನನಗೆ ಅಷ್ಟು ತಾಳ್ಮೆ ಇಲ್ಲ.

ಇನ್ನೊಂದು ತಪ್ಪು ತಡವಾಗಿ ಕಣ್ಣಿಗೆ ಬಿತ್ತು. ಎಡದಲ್ಲಿ ನೆಟ್ಟಗಿದ್ದ ಗೋಪುರ ಬಲದಲ್ಲಿ ಒಂದು ಚೂರು ವಾಲಿತ್ತು. ಅರ್ಧ ಡಿಗ್ರಿ ಇರಬಹುದು. ಬಲ ಸ್ಕೋಪನ್ನು ಕಾಲರಿನಲ್ಲಿ ಅರ್ಧ ಡಿಗ್ರಿ ತಿರುಗಿಸಿದರಾಯಿತು ಎಂದು ತಿರುಗಿಸಿದೆ. ವಾಲಿದ್ದು ವಾಲಿದಂತೆಯೇ ಇತ್ತು. ಇನ್ನಷ್ಟು ತಿರುಗಿಸಿದೆ. ಊಹೂಂ. ಆಮೇಲೆ ನನ್ನನ್ನು ನೋಡಿ ನಾನೇ ನಕ್ಕೆ. ಕೊಳವೆ ಹೊರಳಿದರೆ ಚಿತ್ರ ವಾಲುವುದಿಲ್ಲ ಎಂದು ಕುಣಿದಾಡಿದವನು ನಾನೇ. ಯಾವ ಗುಣ ನನ್ನನ್ನು 104ರಿಂದ ಕಾಪಾಡಿತೋ ಅದೇ ಗುಣ ಇಲ್ಲಿ ಕೈಕೊಟ್ಟಿತು. ಒಳಗಿನ ಎರಡು ಪ್ರಿಸಂಗಳು ಒಂದಕ್ಕೊಂದು ಸರಿಯಾಗಿ 90 ಡಿಗ್ರಿಯಲ್ಲಿ ಕೂತಿಲ್ಲ ಎಂದರೆ ಈ ವಾಲು ಬರುತ್ತದೆ. ಪ್ರಿಸಂ ಎಷ್ಟು ತಪ್ಪಿದೆಯೋ ಅದರ ಎರಡು ಪಟ್ಟು ಚಿತ್ರ ವಾಲುತ್ತದೆ. ಸರಿಮಾಡಲು ಸ್ಕೋಪನ್ನು ಬಿಚ್ಚಬೇಕು. ತಿರುಪು ಬಿಚ್ಚುವ ಚಾಳಿ ನನಗೆ ಚೆನ್ನಾಗಿಯೇ ಇದೆ. ಆದರೆ ಒಳಗೆ ತೇವ ಸೇರದಂತೆ ಒಣ ಅನಿಲ ತುಂಬಿ ಮುಚ್ಚಿದ ಸ್ಕೋಪು ಅದು. ಕೈ ಹಿಂದೆ ತೆಗೆದುಕೊಂಡೆ. ಅರ್ಧ ಡಿಗ್ರಿ ವಾಲಿದರೆ ನಡುವಿನಲ್ಲಿ ಏನೂ ಗೊತ್ತಾಗುವುದಿಲ್ಲ. ಅಂಚಿಗೆ ಹೋದರೆ ಹತ್ತು ಆರ್ಕ್ ಮಿನಿಟ್ ತಪ್ಪು. ಅಂಚನ್ನು ನಾನು ನೋಡುವುದಿಲ್ಲ, ಅಷ್ಟೇ.

ಫೋಕಸ್ ಎರಡೂ ಕಡೆ ಬೇರೆ ಬೇರೆ. ಗುಂಡಿ ತಿರುಗಿಸುವ ದಿಕ್ಕು ಬದಲಿಸಿದರೆ ಒಳಗಿನ ಸಡಿಲಕ್ಕೆ ಚಿತ್ರ ಸಣ್ಣಗೆ ಪಕ್ಕಕ್ಕೆ ಎಗರುತ್ತದೆ. ಯಾವಾಗಲೂ ಒಂದೇ ದಿಕ್ಕಿನಲ್ಲಿ ತಿರುಗಿಸಿ ನಿಲ್ಲಿಸುವುದನ್ನು ರೂಢಿ ಮಾಡಿಕೊಂಡೆ.

ಎಲ್ಲಾ ಸೇರಿ ತೂಕ ಆರು ಕೆ.ಜಿ. ಹತ್ತಿರ ಬಂತು. ಕ್ಯಾಮೆರಾ ಟ್ರೈಪಾಡಿನ ಮೇಲೆ ಇಟ್ಟೆ. ಅದರ ಬಾಲ್ ಹೆಡ್, ಎಲ್ಲ ಕಡೆ ತಿರುಗುವ ಗುಂಡು ತಲೆ, ನಿಧಾನಕ್ಕೆ ತಲೆ ತಗ್ಗಿಸುತ್ತಾ ಹೋಗಿ ನೆಲ ನೋಡತೊಡಗಿತು. ಗಟ್ಟಿಯಾಗಿ ಬಿಗಿದರೆ ನಕ್ಷತ್ರದ ಕಡೆ ತಿರುಗಿಸುವುದೇ ಕಷ್ಟ. ಮರದ ದಪ್ಪ ಕಾಲುಗಳ ಸ್ಟ್ಯಾಂಡು, ಅದರ ಮೇಲೆ ಕವೆಯಂಥ ಎರಡು ತೋಳು, ತೋಳುಗಳ ನಡುವೆ ತೂಗುವ ಪ್ಲೇಟು. ಈ ಏರ್ಪಾಡು ಕೊನೆಗೆ ನಿಂತಿತು. ತಿರುಗುವ ಬೋಲ್ಟು ಇಡೀ ಭಾರದ ನಡುವಿನಲ್ಲೇ ಹಾದುಹೋಗಬೇಕು. ಮೊದಲ ಸಲ ನಾನದನ್ನು ಪ್ಲೇಟಿನ ಮಟ್ಟಕ್ಕೆ ಕೊರೆದೆ. ಭಾರವೆಲ್ಲ ಮೇಲಿದ್ದದ್ದರಿಂದ ಸ್ವಲ್ಪ ವಾಲಿಸಿದರೆ ಸಾಕು, ಬೈನಾಕ್ಯುಲರ್ ಮಗುಚಿಕೊಳ್ಳುತ್ತಿತ್ತು. ತೋಳಿನ ಪಟ್ಟಿಗಳನ್ನು ಮೇಲಕ್ಕೆ ಎಳೆದು ಕೊಳವೆಗಳ ಅರ್ಧ ಎತ್ತರಕ್ಕೆ ರಂಧ್ರ ಕೊರೆದ ಮೇಲೆ ಬಿಟ್ಟಲ್ಲಿ ನಿಲ್ಲತೊಡಗಿತು. ನಡುವೆ ಪ್ಲಾಸ್ಟಿಕ್ ವಾಷರ್ ಹಾಕಿದರೆ ಬೆಣ್ಣೆಯ ಹಾಗೆ ತಿರುಗುತ್ತದೆ. ನೇರ ಐಪೀಸು ಆದ್ದರಿಂದ ನೆತ್ತಿಯ ಹತ್ತಿರದ್ದನ್ನು ನೋಡಲು ಕತ್ತು ಒಪ್ಪುವುದಿಲ್ಲ. ಒರಗು ಕುರ್ಚಿ ಹಾಕಿಕೊಂಡು ಅರ್ಧ ಆಕಾಶಕ್ಕೆ ತೃಪ್ತಿಪಟ್ಟಿದ್ದೇನೆ.

ಒಂದು ಮಾತು ಗಟ್ಟಿಯಾಗಿ ಹೇಳಿಬಿಡುತ್ತೇನೆ. ಬೆಳಗಾಗುವ ಮೊದಲು ಮುಂಗಾಜುಗಳಿಗೆ ಮುಚ್ಚಳ ಹಾಕಲೇಬೇಕು. ಇದರಲ್ಲಿ ತಪ್ಪಿ ಸೂರ್ಯನ ಕಡೆ ನೋಡಿದರೆ ಹೋಗುವುದು ಒಂದು ಕಣ್ಣಲ್ಲ, ಎರಡೂ.

ತಲೆನೋವಿಲ್ಲದೆ ಚಂದ್ರನನ್ನು ನೋಡಿದ ರಾತ್ರಿ ನಾನು ಒಂದು ಗಂಟೆ ಮಾತಾಡಲಿಲ್ಲ. ಒಂಟಿ ಸ್ಕೋಪಿನಲ್ಲಿ ಚಂದ್ರ ಒಂದು ಚಿತ್ರ. ಇದರಲ್ಲಿ ಒಂದು ಗುಂಡು, ಕಪ್ಪಿನ ಮುಂದೆ ಯಾರೋ ತೂಗುಹಾಕಿದ್ದು. ಇದು ಮಿದುಳಿನ ಆಟ ಎಂದು ನನಗೆ ಗೊತ್ತು. 104 ಮಿ.ಮೀ. ಅಂತರದ ಎರಡು ಗಾಜುಗಳಿಗೆ 3,84,400 ಕಿ.ಮೀ. ಆಚೆಯ ಚಂದ್ರನ ಆಳ ತಿಳಿಯುವುದು ಸಾಧ್ಯವೇ ಇಲ್ಲ. ಗೊತ್ತಿದ್ದರೂ ಗುಂಡು ಗುಂಡಾಗಿಯೇ ಕಾಣುತ್ತದೆ. ಕೃತ್ತಿಕೆ ಪೂರ್ತಿ ನೋಟದೊಳಗೆ ಕೂತಿತು, ಅಕ್ಕಪಕ್ಕ ಕಪ್ಪು ಉಳಿಸಿಕೊಂಡು. ಗುರುವಿನ ಪಕ್ಕ ನಾಲ್ಕು ಚುಕ್ಕೆ ಸಾಲಾಗಿ. ಗೆಲಿಲಿಯೋ 1610ರ ಜನವರಿಯಲ್ಲಿ ಹೆಚ್ಚು ಕಡಿಮೆ ಇದೇ 20 ಪಟ್ಟಿನಲ್ಲಿ ಒಂದು ಕಣ್ಣು ಮುಚ್ಚಿ ಕಂಡದ್ದು. ಒರಾಯನ್ ನೆಬ್ಯುಲಾ ಎಂಬ ಅನಿಲದ ಮೋಡ ಮಾತ್ರ ನನ್ನನ್ನು ಅಲ್ಲಾಡಿಸಿತು. ಮೊದಲು ಅದು ಉಜ್ಜಿ ಅಳಿಸಿದ ಸೀಮೆಸುಣ್ಣದ ಗುರುತಿನ ಹಾಗಿತ್ತು. ಈಗ ಎರಡು ರೆಕ್ಕೆ ಬಿಚ್ಚಿಕೊಂಡಿತ್ತು. ಕಣ್ಣೊಳಗಿನ ತೇಲುವ ನೂಲುಗಳು ಎಲ್ಲಿ ಹೋದವೋ ತಿಳಿಯಲಿಲ್ಲ. ಒಂದು ಕಣ್ಣಿನ ಕಸವನ್ನು ಇನ್ನೊಂದು ಕಣ್ಣು ಮುಚ್ಚಿಹಾಕುತ್ತದೆ.

ತಂಗಿಯನ್ನು ಕರೆದೆ. "ಬಾ, ಇಲ್ಲಿ ಕೂತು ನೋಡು."

ಅವಳು ಕಣ್ಣಿಟ್ಟಳು, ತೆಗೆದಳು, ಮತ್ತೆ ಇಟ್ಟಳು. "ಅಣ್ಣಾ, ಒಂದೇ ಕಣ್ಣಿಗೆ ಕಾಣ್ತಿದೆ. ಇನ್ನೊಂದು ಕಪ್ಪು."

ಅವಳ ಕಣ್ಣಂತರ 61. ನನ್ನ 64ಕ್ಕೆ ಅವಳ ಕಣ್ಣು ಕೂರುವುದಿಲ್ಲ. ಅದಕ್ಕೇನು, ಎರಡೂ ಕೊಳವೆ ಹನ್ನೆರಡು ಡಿಗ್ರಿ ಒಳಕ್ಕೆ ಹೊರಳಿಸಿದರೆ 61 ಬರುತ್ತದಲ್ಲ. ಹೊರಳಿಸಿದೆ. "ಈಗ ನೋಡು."

"ಈಗ ಚಂದ್ರ ಎರಡಿದೆ. ಒಂದರ ಮೇಲೊಂದು. ನಿಂಗೆ ಹೀಗೇ ಕಾಣ್ತಿತ್ತಾ?"

ನಾನು ನೋಡಿದೆ. ನಿಜ. ಅಷ್ಟು ರಾತ್ರಿಗಳ ಕೆಲಸ ಹನ್ನೆರಡು ಡಿಗ್ರಿಯಲ್ಲಿ ಹೋಗಿತ್ತು. ಕೊಳವೆಯ ಹೊರಮೈಯ ನಡುಗೆರೆಯೂ ಒಳಗಿನ ಗಾಜುಗಳ ನಡುಗೆರೆಯೂ ಒಂದೇ ಎಂದು ನಾನು ನಂಬಿದ್ದೆ. ಅವೆರಡರ ನಡುವೆ ಅರ್ಧ ಡಿಗ್ರಿ ಓರೆ ಇದ್ದರೂ ಸಾಕು. ಕೊಳವೆಯನ್ನು ಕಾಲರಿನಲ್ಲಿ ಹೊರಳಿಸಿದರೆ ಅದು ನೋಡುವ ಜಾಗ ಆಕಾಶದಲ್ಲಿ ಒಂದು ಸಣ್ಣ ಕಮಾನು ಬರೆಯುತ್ತದೆ. ಹನ್ನೆರಡು ಡಿಗ್ರಿಗೆ ಆರು ಆರ್ಕ್ ಮಿನಿಟಿಗೂ ಜಾಸ್ತಿ. ನನಗೆ ಬೇಕಾದ್ದು ಮುಕ್ಕಾಲು. ನಾನು ಸರಿಮಾಡಿದ್ದು ಬೈನಾಕ್ಯುಲರನ್ನು ಅಲ್ಲ, ನನ್ನ ಎರಡು ಕಣ್ಣಿಗೆ ಹೊಂದುವ ಒಂದೇ ಒಂದು ಭಂಗಿಯನ್ನು. ಪೂರ್ತಿ ಸರಿಮಾಡಬೇಕಾದರೆ ಪ್ರತಿ ಕಾಲರಿಗೂ ಮೂರು ತಿರುಪು ಹಾಕಿ, ಕೊಳವೆ ಹೊರಳಿದರೂ ಗುರಿ ಅಲ್ಲಾಡದ ಹಾಗೆ ಗಾಜುಗಳ ನಡುಗೆರೆಯನ್ನು ಕೂರಿಸಬೇಕು. ಅದಕ್ಕೆ ರಿಂಗು ಅಗಲವಾಗಬೇಕು. ರಿಂಗು ಅಗಲವಾದರೆ 104 ಹೋಗಿ 115 ಆಗುತ್ತದೆ. 115ರಲ್ಲಿ 44 ಕಳೆದರೆ 71. ಮತ್ತೆ ಎಮ್ಮೆಯ ಕಣ್ಣು.

ಸದ್ಯಕ್ಕೆ ಕಾಲರಿನ ಮೇಲೆ ಎರಡು ಗೆರೆ ಎಳೆದಿದ್ದೇನೆ. ಬಿಳಿಯದು ನನ್ನದು, ಹಳದಿ ಅವಳದು. ತಿರುಪಿನ ತಲೆಯ ಮೇಲೂ ಎರಡು ಚುಕ್ಕೆ. ಹಳದಿಗೆ ಹೊರಳಿಸಿದರೆ ಹಿಂದಿನ ತಿರುಪು ಅರ್ಧ ಸುತ್ತು ಬಲಕ್ಕೆ, ಪಕ್ಕದ್ದು ಒಂದು ಚೂರು ಸಡಿಲ. ವಾಪಸ್ ಬಿಳಿಗೆ ಬಂದರೆ ತಿರುಗಾ ಮುರುಗಾ. ನಿನ್ನೆ ರಾತ್ರಿ ಅವಳು ನೋಡಿ ಮುಗಿಸಿ ಒಳಗೆ ಹೋದ ಮೇಲೆ ನಾನು ಕತ್ತಲಲ್ಲಿ ಅಲೆನ್ ಕೀ ಹುಡುಕುತ್ತಿದ್ದೆ. ಅದು ಅವಳ ಜೇಬಿನಲ್ಲಿತ್ತು.